ಜವಳಗಿರಿ ಬಸ್ಸಿಗೆ ವೆಂಕಟರಮಣಪ್ಪನವರ ಮಾರ್ಕು

ಈ ಸಲದ ಚುನಾವಣೆಯಲ್ಲಿ ಅವಲಪಲ್ಲಿಯ ಒಬ್ಬರಾದರೂ ತಲೆ ಓಡಿಸಿ ಓಟು ಹಾಕಬೇಕು, ಆ ಒಬ್ಬರು ತಾವೇ ಆಗಿರಬೇಕು ಎಂದು ವೆಂಕಟರಮಣಪ್ಪನವರು ಕಾಫಿ ಲೋಟ ಕೆಳಗಿಡುವ ಮೊದಲೇ ಘೋರ ಪ್ರತಿಜ್ಞೆ ಮಾಡಿಬಿಟ್ಟರು! ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಬೋಲ್ಟು ಅಳೆದು, ಪಾಸು, ರಿಜೆಕ್ಟು ಎಂದು ತೀರ್ಪು ಕೊಟ್ಟು ರಿಟೈರಾದವರು. ಬೋಲ್ಟನ್ನೇ ಬಿಡದವರು ಕೌನ್ಸಿಲರನ್ನು ಬಿಡುತ್ತಾರೆಯೇ?

"ಯಾರು ಎಂಥಾ ಬಸ್ಸು ಬಿಡಿಸ್ತಾರೆ ಅಂತ ಒಬ್ಬೊಬ್ಬರನ್ನೂ ತೂಗಿ ನೋಡ್ತೀನಿ ಕಣೇ. ನಿನ್ನ ಜವಳಗಿರಿ ಬಸ್ಸು ಮತ್ತೆ ನಮ್ ಬೀದಿ ಕೊನೇಲಿ ನಿಲ್ಬೇಕು!"

ಹೆಂಡತಿ ಕನಕಮ್ಮ ಪಾತ್ರೆ ಉಜ್ಜುತ್ತಿದ್ದ ಕೈ ನಿಲ್ಲಿಸಿದರು. ಜವಳಗಿರಿಯಲ್ಲಿ ಅವರ ಅಕ್ಕ ಸಾಕಮ್ಮ ಇದ್ದಾರೆ. ನೇರ ಬಸ್ಸು ನಿಂತು ಎರಡು ವರ್ಷ, ಅಕ್ಕನ ಮುಖ ನೋಡಿಯೂ ಎರಡು ವರ್ಷ. ಆನೆ ನುಗ್ಗುವ ಹೊಲ ಬಿಟ್ಟು ಅಕ್ಕ ಬರುವ ಹಾಗಿಲ್ಲ. ದಿನಾ ಫೋನಿನಲ್ಲಿ ಮಾತೇನೋ ಉಂಟು, ಆದರೆ ಫೋನು ತಲೆಗೆ ಎಣ್ಣೆ ಹಚ್ಚುವುದಿಲ್ಲವಲ್ಲ! ಅಕ್ಕನ ಪಕ್ಕದಲ್ಲಿ ಜಗಲಿಯ ಮೇಲೆ ಸುಮ್ಮನೆ ಒಂದು ಮಧ್ಯಾಹ್ನ ಕೂರುವ ಆಸೆ ಕನಕಮ್ಮನಿಗೆ ಹಸಿವಿನಂತೆ ದಿನವೂ ಏಳುತ್ತಿತ್ತು.

"ಅಲ್ಲೀಗಂಟ ಯಾಕೆ ಕಾಯಾದು? ಬಸ್ಸು ಬದ್ಲಾಯಿಸ್ಕಂಡು ಹೋಗ್ಬರಾಣ ಬನ್ರೀ," ಎಂದರು.

"ಮೂರು ಬಸ್ಸು ಹತ್ತಿ ಇಳಿಯಾಕೆ ನಾವೇನು ಲಗೇಜಾ? ಇನ್ನು ಹದಿನೈದೇ ದಿನ, ತಡ್ಕೋ!"

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾರ್ಕು ಪಟ್ಟಿಗೆ ಗೆರೆಗಳು ಬಿದ್ದವು. ಎದುರು ಸಾಲಿನ ಟೀ ಅಂಗಡಿಗೆ ಅಭ್ಯರ್ಥಿ ಬಂದರೆ ಸಾಕು, ವೆಂಕಟರಮಣಪ್ಪನವರು ಧಾವಿಸಿ ರಸ್ತೆ ದಾಟಿ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಅಡ್ಡಪ್ರಶ್ನೆ ಹಾಕಿದರು. ಮೋಹನ್ ಎನ್ನುವವರು ಮಿನಿ ಬಸ್ಸು ತರುತ್ತೇನೆ ಎಂದರು: ಎಪ್ಪತ್ತು ಮಾರ್ಕು. ಪದ್ಮಶ್ರೀ ಎನ್ನುವವರು ಗಂಟೆಗೊಂದು ಬಸ್ಸು ಎಂದರು: ಎಂಬತ್ತೆರಡು! ಮುನಿರತ್ನ ಮಾತ್ರ ಕೈ ಮುಗಿದು, "ಬಸ್ಸು ಬಿಡಾದು ಕೌನ್ಸಿಲರ್ ಕೈಲಿಲ್ಲ ಅಣ್ಣಾ. ನಿಂತ್ಕಳ್ಳಾಕೆ ನೆರಳು ಮಾಡಿಸ್ತೀನಿ, ಅಷ್ಟೇಯ," ಎಂದರು. ನಿಜ ಹೇಳಿದ ತಪ್ಪಿಗೆ ರಿಜೆಕ್ಟು!

"ರೀ, ಓಟಿನ ಚೀಟಿ ಬಂದೈತೆ, ಒಂದ್ಕಿತ ನೋಡಿ."

"ಮಡಗೇ ಅಲ್ಲಿ! ಪದ್ಮಶ್ರೀಗೆ ಎರಡು ಮಾರ್ಕು ಕಮ್ಮಿ ಮಾಡ್ಲಾ ಬ್ಯಾಡ್ವಾ ಅಂತ ನಂಗೆ ತಲೆ ಕೆಟ್ಟೈತೆ!"

ಓಟಿನ ದಿನ ಬೆಳಗಾಗುತ್ತಲೇ ಇಸ್ತ್ರಿ ಅಂಗಿ ತೊಟ್ಟು, ಟೀ ಅಂಗಡಿಯಲ್ಲಿ ಹತ್ತು ಗಂಟೆಯವರೆಗೆ ಮಾರ್ಕು ಕೂಡಿ ಕಳೆದು, ಎದುರು ಸಾಲಿನವರ ಜೊತೆ ಹೊರಟು, ಶಾಲೆಯ ಕ್ಯೂನಲ್ಲಿ ಒಂದೂವರೆ ಗಂಟೆ ನಿಂತರು. ಒಳಗೆ ಕೂತಿದ್ದಾಕೆ ಪಟ್ಟಿಯನ್ನು ಎರಡು ಸಲ ತಿರುವಿ ಹಾಕಿದಳು.

"ನಿಮ್ ಹೆಸ್ರು ಇಲ್ಲಿಲ್ಲ ಸಾರ್. ನಿಮ್ ಬೀದಿ ಎರಡು ವಾರ್ಡಿಗೆ ಸೇರ್ತದೆ. ಎದುರು ಸಾಲು ಈ ವಾರ್ಡು, ನಿಮ್ ಸಾಲು ಪಕ್ಕದ ವಾರ್ಡು. ಚೀಟಿ ನೋಡ್ಲಿಲ್ವಾ?"

ಹದಿನೈದು ದಿನದ ತಪಸ್ಸು! ಪ್ರಶ್ನೆ ಕೇಳಿಸಿಕೊಂಡ ಮೂವರಲ್ಲಿ ಒಬ್ಬರೂ ಅವರ ವಾರ್ಡಿನವರಲ್ಲ! ತಮ್ಮ ವಾರ್ಡಿನಲ್ಲಿ ಯಾರು ನಿಂತಿದ್ದಾರೆ ಎಂಬುದೇ ಆ ಮಹಾಪರೀಕ್ಷಕರಿಗೆ ಗೊತ್ತಿರಲಿಲ್ಲ.

ಮನೆಗೆ ಓಡಿಬಂದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯ ಶ್ಯಾಮಲಮ್ಮ ಬೀಗದ ಕೈ ತಂದುಕೊಟ್ಟರು. "ಕನಕಕ್ಕ ಏಳ್ಗಂಟೆಗೇ ಓಟು ಹಾಕ್ಬುಟ್ಟು, ಬ್ಯಾಗು ತಗಂಡು ಜವಳಗಿರಿಗೆ ಹೊಂಟೋದ್ರು. ನಿಮ್ ಚೀಟಿ ಫ್ರಿಜ್ ಮ್ಯಾಲೈತಂತೆ."

ಒಳಗೆ ಮುದ್ದೆ, ಸಾರು ಮುಚ್ಚಿಟ್ಟಿತ್ತು. ಕೂತರು, ತುತ್ತು ಇಳಿಯಲಿಲ್ಲ. ಅಡುಗೆಮನೆಯಲ್ಲಿ ಬೈಯುವವರಿಲ್ಲ, ಬಳೆಯ ಸದ್ದಿಲ್ಲ. ಒಂದು ಹೊತ್ತಿಗೇ ತನಗೆ ಹೀಗಾದರೆ, ಆಕೆ ಎರಡು ವರ್ಷ ಅಕ್ಕನನ್ನು ಬಿಟ್ಟು ಹೇಗಿದ್ದಳೋ ಎನ್ನಿಸಿ ತಟ್ಟೆ ಪಕ್ಕಕ್ಕೆ ಸರಿಸಿದರು. ಫೋನು ಮಾಡಿದರು. ಆ ಕಡೆ ಇಬ್ಬರು ಹೆಂಗಸರು ಒಟ್ಟಿಗೆ ನಗುತ್ತಿದ್ದರು. ಕನಕಮ್ಮ ಹೀಗೆ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ!

"ಬಿರ್ನೆ ಹೇಳ್ರೀ, ಅಕ್ಕ ಉಣ್ಣಾಕೆ ಕರೀತಾವ್ಳೆ."

"ಮೂರು ಬಸ್ಸು ಹತ್ತಿ ಇಳಿದ್ಯಾ?"

"ಮೂರೆಲ್ಲಿಂದ ಬಂತು? ಎರಡೇಯ! ಕೂರಾಕೆ ಸೀಟೂ ಸಿಕ್ತು."

ವೆಂಕಟರಮಣಪ್ಪನವರ ದನಿ ತಗ್ಗಿತು. "ನೀನಿಲ್ದೆ ಮನೇಲಿರಾಕೆ ಆಯ್ತಿಲ್ಲ ಕಣೇ. ನಾನೂ ಬರ್ಲಾ?"



"ಓಟು ಹಾಕ್ಬುಟ್ಟು ಬನ್ನಿ," ಎಂದರು ಕನಕಮ್ಮ ಮೆತ್ತಗೆ. "ಆದ್ರೆ ಬಸ್ ಸ್ಟ್ಯಾಂಡ್ನಾಗೆ ಯಾವ ಬಸ್ಸು ವಾಸಿ ಅಂತ ಹದಿನೈದು ದಿನ ಕೂತ್ಬುಟ್ಟೀರಾ! ಮೊದ್ಲು ಬಂದದ್ದು ಹತ್ತಿ!"