ಹುಣಸೆ ಬೀಜದ ಒಕ್ಕೂಟ

ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಪ್ರತಿ ಸಲ ಹೇಳಿದಾಗಲೂ ಈ ಕಥೆಯಲ್ಲಿ ನಾನು ಇನ್ನಷ್ಟು ಧೀರನಾಗಿಬಿಡುತ್ತೇನೆ. ಆದ್ದರಿಂದ ನನಗೆ ಅವಮಾನವಾಗುವ ಭಾಗಗಳನ್ನಷ್ಟೇ ನೀವು ಪೂರ್ತಿ ನಂಬಬಹುದು.

ಸಾಲದಲ್ಲಿ ಮುಳುಗಿದ ಗ್ರೀಸ್ ಯೂರೋ ಬಿಡಬೇಕೇ ಬೇಡವೇ ಎಂದು ಟಿವಿಯಲ್ಲಿ ದಿನವೂ ಕಿತ್ತಾಡುತ್ತಿದ್ದ ಬೇಸಿಗೆ ಅದು. ಇಂಗ್ಲೆಂಡಿನ ಸೆಲ್ಲಿ ಓಕ್‌ನ ಒಂದು ಮನೆಯಲ್ಲಿ ನಾವು ಮೂವರಿದ್ದೆವು: ಧಾರವಾಡದ ಎಂಜಿನಿಯರ್ ಶಿವಾನಂದ, ಬೀದರಿನ ಡಾಕ್ಟರ್ ಇಮ್ರಾನ್, ಮತ್ತು ಹೇಳಲು ನಾಚಿಕೆಯಾಗುತ್ತದೆ, ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ನಾನು. ಇಮ್ರಾನನ ಆಸ್ಪತ್ರೆಯ ಡ್ಯೂಟಿ ಪಟ್ಟಿ ವಾರವಾರವೂ ಬದಲಾಗುತ್ತಿದ್ದುದರಿಂದ ಅಡುಗೆಗೆ ಪಾಳಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕಾಗಿ ನಾನೇ ಒಂದು ನಾಣ್ಯ ಜಾರಿಗೆ ತಂದೆ. ಶಿವಾನಂದನ ತಾಯಿ ಕಳಿಸಿದ್ದ ಹುಣಸೆಹಣ್ಣಿನ ಬೀಜಗಳನ್ನು ತೊಳೆದು ತಲಾ ಹತ್ತು ಹಂಚಿದೆ. ಯಾರು ಯಾವಾಗ ಬೇಕಾದರೂ ಅಡುಗೆ ಮಾಡಬಹುದು; ತಿಂದವನು ತಟ್ಟೆಗೊಂದು ಬೀಜ ಕೊಡಬೇಕು. ನನ್ನ ಪ್ರಬಂಧದಲ್ಲಿ ಇಷ್ಟು ಅಚ್ಚುಕಟ್ಟಾದ ಒಂದು ಅಧ್ಯಾಯವೂ ಇರಲಿಲ್ಲ.

ತೊಂದರೆಯೆಂದರೆ ಎಲ್ಲಕ್ಕೂ ಒಂದೇ ಬೆಲೆ. ಶಿವಾನಂದನ ಬದನೆಕಾಯಿ ಎಣ್ಣೆಗಾಯಿಗೂ ಒಂದು ಬೀಜ, ಶಿವಾನಂದನಿಗಾಗಿ ಇಮ್ರಾನ್ ಮಾಂಸ ಬಿಟ್ಟು ಮಾಡುತ್ತಿದ್ದ ಸೋರೆಕಾಯಿ ದಾಲ್ಚಾಗೂ ಒಂದು, ನನ್ನ ಉಪ್ಪಿಟ್ಟಿಗೂ ಒಂದು. ನಾನು ರವೆ ಹುರಿಯುವ ವಾಸನೆ ಬಂದ ಸಂಜೆ ಇಬ್ಬರಿಗೂ ಹೊರಗೆ ತುರ್ತು ಕೆಲಸ ಬರುತ್ತಿತ್ತು. ನನ್ನ ಹತ್ತು ಬೀಜಗಳು ಖಾಲಿಯಾದವು. ಅವರಿಂದಲೇ ಸಾಲ ತಂದು ಅವರಿಗೇ ಕೊಟ್ಟು ತಿಂದೆ. ಸಾಲ ಹತ್ತೊಂಬತ್ತು ಬೀಜಕ್ಕೇರಿತು. ಇಮ್ರಾನ್ ಇಪ್ಪತ್ತಮೂರು ಎನ್ನುತ್ತಾನೆ.

ಒಂದು ಭಾನುವಾರ ಇಬ್ಬರೂ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿದರು. "ಇನ್ಮೇಲೆ ಸಾಲ ಇಲ್ಲ," ಎಂದ ಶಿವಾನಂದ. "ತೀರೋವರೆಗೂ ಪಾತ್ರೆ ನೀನೇ ತೊಳೀಬೇಕು, ಬಾತ್‌ರೂಮ್ ನೀನೇ ತಿಕ್ಕಬೇಕು. ಇಲ್ಲಾಂದ್ರೆ ಊಟ ಬಂದ್."

"ಹಾಗಾದ್ರೆ ನಾನು ಒಕ್ಕೂಟಾನೇ ಬಿಡ್ತೀನಿ," ಎಂದೆ. "ನನ್ನದೇ ನಾಣ್ಯ ತರ್ತೀನಿ, ರಾಜ್ಮಾ ಕಾಳು. ಬೆಲೆ ಇಳಿಸ್ತೀನಿ. ಒಂದು ಪ್ಲೇಟ್ ಎಣ್ಣೆಗಾಯಿಗೆ ಎರಡು ಪ್ಲೇಟ್ ಉಪ್ಪಿಟ್ಟು. ಅಗ್ಗ ಆದ್ರೆ ಗಿರಾಕಿ ತಾನಾಗೇ ಬರ್ತಾರೆ."

ಸಿಟ್ಟು ಬಂದಾಗ ಶಿವಾನಂದನ ಬೆಂಗಳೂರು ಕನ್ನಡ ಧಾರವಾಡಕ್ಕೆ ವಾಪಸ್ ಹೋಗುತ್ತಿತ್ತು. "ಒಂದ ಪ್ಲೇಟ್ ತಿನ್ನಾಕ ಆಗವಲ್ದಂತ ನಾವು ಮನಿ ಬಿಟ್ಟು ಓಡ್ತೀವಿ. ಮಗಾ ಎರಡ ಕೊಡ್ತಾನಂತ!"

"ಹೋಗ್ಲಿ ಬಿಡೋ ಯಾರ್," ಎಂದ ಇಮ್ರಾನ್. "ಆಜಾದಿ ಬೇಕಂತೆ. ಆದ್ರೆ ಫ್ರಿಜ್ ನಮ್ ಕಡೆ ಇರುತ್ತೆ, ನೋಡ್ಕೋ."

ಗ್ರೀಕರಂತೆ ನಾವೂ ಮತ ಹಾಕೋಣ ಎಂದು ನಾನೇ ಸವಾಲೆಸೆದೆ. ಹೆಸರಿಲ್ಲದ ಚೀಟಿ; 'ಇರಲಿ' ಅಥವಾ 'ಹೋಗಲಿ'. ಅದಕ್ಕೂ ಮೊದಲು ಸ್ವಾಭಿಮಾನದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಅದ್ಭುತವಾಗಿ ಮಾತಾಡಿದೆನೆಂದು ನನ್ನ ನೆನಪು. ಅಷ್ಟರಲ್ಲಿ ಶಿವಾನಂದ ಎದ್ದುಹೋಗಿ ಒಗ್ಗರಣೆ ಹಾಕಿದ. ಗುರೆಳ್ಳು, ಶೇಂಗಾ ತುಂಬಿದ ಬದನೆಕಾಯಿ ಎಣ್ಣೆಯಲ್ಲಿ ಚುರುಗುಟ್ಟತೊಡಗಿತು. ನಾವು ಚೀಟಿ ಬರೆದದ್ದು ಆ ವಾಸನೆಯಲ್ಲಿ.

ಸ್ಟೀಲ್ ಚೊಂಬಿನಿಂದ ಇಮ್ರಾನ್ ಒಂದೊಂದೇ ತೆಗೆದ. ಇರಲಿ. ಇರಲಿ. ಮೂರನೆಯದನ್ನು ಓದಿ ಅವನು ನನ್ನನ್ನೇ ನೋಡಿದ. ಅದೂ ಇರಲಿ.

"ನೀವ್ಯಾಕೆ ಹಾಗೆ ಬರೆದ್ರಿ?" ಎಂದು ನಾನು ದಬಾಯಿಸಿದೆ.

"ನೀನು ಹೋದ್ರೆ ನಮ್ ಬೀಜ ಯಾರು ಕೊಡ್ತಾರೆ?" ಎಂದು ಇಮ್ರಾನ್ ತಟ್ಟೆಗಳನ್ನು ಇಟ್ಟ. ಮೂರು ತಟ್ಟೆ.

ಚಳಿಗಾಲದವರೆಗೂ ಬಾತ್‌ರೂಮ್ ತಿಕ್ಕಿದೆ. ಈಗ ಮ್ಯಾಂಚೆಸ್ಟರಿನಲ್ಲಿದ್ದೇನೆ. ಯೂರೋ ಮಾತು ಬಂದರೆ ಸಾಕು, "ಸಾಲಗಾರ ದೇಶ ಧೈರ್ಯವಾಗಿ ಹೊರಬರಬೇಕು, ನಾನೇ ಒಮ್ಮೆ ಹಾಗೆ ಮತ ಹಾಕಿದ್ದೆ," ಎನ್ನುತ್ತೇನೆ. ಹೇಳಿ ಹೇಳಿ ಅದು ನಿಜವೆಂದೇ ಅನಿಸತೊಡಗಿತ್ತು. ಹೋದ ವಾರ ಹಡರ್ಸ್‌ಫೀಲ್ಡಿನಿಂದ ಇಮ್ರಾನ್ ಫೋನ್ ಮಾಡಿದ: ಹಳೇ ಪುಸ್ತಕದಲ್ಲಿ ನನ್ನ ಕೈಬರಹದ 'ಇರಲಿ' ಚೀಟಿ ಸಿಕ್ಕಿದೆಯಂತೆ. ಹರಿದುಹಾಕು ಎಂದು ಬೇಡಿಕೊಂಡೆ.

"ಎರಡು ಬೀಜ ಆಗುತ್ತೆ," ಎಂದ.

ಶಿವಾನಂದನ ಹತ್ತಿರ ಸಾಲ ಕೇಳಬೇಕೆಂದಿದ್ದೇನೆ.