ಸೀರಿಯಲ್ ಬರದ ಮಿಷಿನ್ನು

ಮಾನ ಕಳೆದುಕೊಳ್ಳೋಕೆ ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಅವಮಾನ ನಮ್ಮ ಮನೆ ವಿಳಾಸ ಕೇಳಿಕೊಂಡೇ ಬರುತ್ತೆ. ನಾನು ಶಾಲೆ ಮೆಟ್ಟಿಲು ಹತ್ತಿದ್ದೇ ವೋಟು ಹಾಕೋಕೆ. ಕನ್ನಡ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಆದರೂ ವಿಜಯನಗರದ ಹೊಸ ಬೀಗರ ಮುಂದೆ, "ಇಂಗ್ಲಿಷ್ ನನಗೆ ನೀರು ಕುಡಿದ ಹಾಗೆ. ನಮ್ಮ ನಾಯಂಡಹಳ್ಳಿ ಮನೆ ಕೆಳಗೆ ಬಾಡಿಗೆಗಿರೋ ಕಂಪ್ಯೂಟರ್ ಹುಡುಗಿಗೆ ನಾನೇ ಓದಿ ಹೇಳೋದು" ಅಂತ ಕೊಚ್ಚಿಕೊಂಡಿದ್ದೆ. ಅದನ್ನು ಕಣ್ಣಾರೆ ನೋಡಲು ಅವರು ಬರ್ತೀನಿ ಅಂದ ದಿನವೇ ಅವಳ ಹತ್ತಿರ ಒಂದು ಸರ್ವರ್ ಮಿಷಿನ್ನು ಕೆಟ್ಟು ಕೂತಿತ್ತು.

೧. ಸೀರಿಯಲ್ಲು

"ತಾತ, ಸೀರಿಯಲ್ಲಲ್ಲಿ ಏನೂ ಸರಿಯಾಗಿ ಬರ್ತಿಲ್ಲ" ಅಂದಳು ಹುಡುಗಿ. ಓನರ್ ಅಂದಮೇಲೆ ಸುಮ್ಮನಿರೋಕಾಗುತ್ತಾ? ಮಹಡಿ ಹತ್ತಿ ಟಿವಿ ಡಿಶ್ ತಿರುಗಿಸಿ ಇಳಿದು ಬಂದೆ.

"ಈಗ ಬಂತಾ?"

"ಏನು ತಾತ?"

"ಸೀರಿಯಲ್ಲು!"

ಅವಳು ಮಿಷಿನ್ನಿನಿಂದ ಲ್ಯಾಪ್‌ಟಾಪಿಗೆ ಎಳೆದಿದ್ದ ವೈರು ತೋರಿಸಿದಳು. "ಸೀರಿಯಲ್ ಅಂದ್ರೆ ಈ ವೈರು ತಾತ, ಮಿಷಿನ್ನು ಹೇಳೋದೆಲ್ಲ ಇದ್ರಲ್ಲೇ ಬರೋದು."

ಅಷ್ಟರಲ್ಲಿ ಮೇಲಿಂದ ನನ್ನ ಹೆಂಡತಿ: "ರೀ, ಟಿವಿ ಏನಾಯ್ತು? ಅತ್ತೆ ಈಗ ತಾನೇ ಸೊಸೆಗೆ ಹೊಡೆಯೋಕೆ ಕೈ ಎತ್ತಿದ್ಳು!"

ಆ ಏಟು ಸೊಸೆಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ, ನನ್ನ ಬೆನ್ನಿಗಂತೂ ಬಿತ್ತು.

೨. ಬೂಟು

ಲ್ಯಾಪ್‌ಟಾಪಿನ ಪರದೆ ತುಂಬ ಕೊಕ್ಕೆ, ಚುಕ್ಕೆ, ಪ್ರಶ್ನೆಗುರುತು. ಎಣ್ಣೆಗೆ ಬಿದ್ದ ಇರುವೆ ಸಾಲಿನ ಹಾಗೆ.

"ಬೂಟ್ ಆಗೋವಾಗಲೇ ಹಿಂಗೆ ಬರೋದು" ಅಂದಳು.

"ಆಯುಧಪೂಜೆ ಮಾಡಿದ ಮಿಷಿನ್ನಿನ ಮುಂದೆ ಬೂಟಾ? ಬಿಚ್ಚಮ್ಮಾ ಮೊದಲು!"

ಪಾಪ, ಕಾಲಲ್ಲಿದ್ದ ಬೂಟು ಬಿಚ್ಚಿ ಹೊರಗಿಟ್ಟು ಬಂದಳು. "ಬೂಟ್ ಅಂದ್ರೆ ಆನ್ ಆಗಿ ಏಳೋದು ತಾತ. ಏಳೋದು ಮಿಷಿನ್ನು, ನಾನಲ್ಲ. ಅದ್ಸರಿ, ಬಗ್ಗಿ ಏನು ಹುಡುಕ್ತಿದೀರ?"

"ಏಳೋಕೆ ಕಾಲೆಲ್ಲಿದೆ ಅಂತ."

೩. ಬೀಗರು

ಬೀಗರು ಬಂದವರೇ ಪರದೆ ನೋಡಿದರು. "ಏನು ಬರೆದಿದೆ ಬೀಗರೇ?"

ಬೆನ್ನಲ್ಲಿ ಬೆವರಿಳಿಯಿತು. ಆದರೂ ಕನ್ನಡಕ ಏರಿಸಿ ಪಟಪಟ ಓದಿದೆ: "ನಾನು ಕ್ಷೇಮ, ಸ್ವಲ್ಪ ಸೆಕೆ, ಫ್ಯಾನ್ ಹಾಕಿ ಅಂತಿದೆ. ಬ್ರಿಟಿಷರ ಕಾಲದ ಇಂಗ್ಲಿಷು. ಈಗಿನವರಿಗೆ ಬರಲ್ಲ."

ಬೀಗರು ಕೈಮುಗಿಯೋದೊಂದು ಬಾಕಿ.

"ಸಿಕ್ತು!" ಅಂತ ಕೂಗಿದಳು ಹುಡುಗಿ. "ಮಿಷಿನ್ನು ಬೇಗಬೇಗ ಮಾತಾಡ್ತಿತ್ತು, ಲ್ಯಾಪ್‌ಟಾಪು ನಿಧಾನಕ್ಕೆ ಕೇಳಿಸ್ಕೊಳ್ತಿತ್ತು. ಅದಕ್ಕೇ ಎಲ್ಲ ಕಲಸುಮೇಲೋಗರ. ಅದು ಯಾವ ಭಾಷೆನೂ ಅಲ್ಲ ತಾತ."

ಎರಡರ ವೇಗ ಒಂದೇ ಮಾಡಿ ಮಿಷಿನ್ನನ್ನು ಮತ್ತೆ ಆನ್ ಮಾಡಿದಳು. ಮುತ್ತು ಪೋಣಿಸಿದ ಹಾಗೆ ಇಂಗ್ಲಿಷ್ ಅಕ್ಷರ ಇಳಿದವು.

ಬೀಗರು ಕುರ್ಚಿ ಎಳೆದುಕೊಂಡು ಕೂತರು. "ಯಾರಿಗೂ ಬರದ್ದನ್ನ ಓದಿದೋರು ನೀವು. ಇದು ಎಲ್ಲರಿಗೂ ಬರೋದು. ಓದಿ ಬೀಗರೇ."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿಕೊಂಡೇ ಹೇಳಿದೆ:

"ಕೆಟ್ಟಿದ್ದಿದ್ರೆ ಓದ್ತಿದ್ದೆ ಬೀಗರೇ. ರಿಪೇರಿ ಮಾಡಿಬಿಟ್ಟಳಲ್ಲ!"