ದಶಾಂಶದ ಮೇಷ್ಟ್ರ ಜೋಡುನಳಿಗೆ ಕೋವಿ

ನವೆಂಬರ್ ಒಂಬತ್ತು, ಭಾನುವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ದಶಾಂಶದ ಮೇಷ್ಟ್ರಿಗೆ ಕಂಬಳಿ ಸುತ್ತಿದ ಒಂದು ಕೋವಿ ಬಂತು. ಬೆನ್ನಿಗೇ ಚಿಕ್ಕಪ್ಪನ ಫೋನು.

"ನಿನ್ನ ಮುತ್ತಜ್ಜನ ಕೋವಿ ಕಣೋ. ಲೈಸೆನ್ಸ್ ಕಾಗದ ಹೇಗೂ ನಿನ್ನ ಹೆಸರಿಗೆ ಆಯ್ತಲ್ಲ, ಇನ್ನು ನೀನೇ ಇಟ್ಕೋ."

"ಒಳಗೆ ತೋಟಾ ಇದೆಯಾ ಚಿಕ್ಕಪ್ಪ?"

"ನೆನಪಿಲ್ಲಪ್ಪ. ನಾನಂತೂ ಹಾಕಿಲ್ಲ. ನಮ್ಮಪ್ಪ ಹಾಕಿದ್ರೆ, ನಾನಂತೂ ತೆಗೆದಿಲ್ಲ. ಜೋಪಾನ."

ಮೇಷ್ಟ್ರು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವವರು. ಹಾಲಿನವನು ಅರ್ಧ ಲೀಟರು ಎಂದರೆ "ಸೊನ್ನೆ ಬಿಂದು ನಾಲ್ಕು ಒಂಬತ್ತು" ಎಂದು ತಿದ್ದಿ, ಈ ಅಡ್ಡಹೆಸರು ಸಂಪಾದಿಸಿದವರು. ಅವರು ಹಸುಗೂಸನ್ನು ಎತ್ತಿಕೊಂಡಂತೆ ಕೋವಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ, ಅಲ್ಲಿ ಒರಗಿಸಿದ್ದ ಕಬ್ಬಿಣದ ಗೇಟಿಗೆ ಎಡವಿದರು.

ಆ ಗೇಟು ಎರಡು ತಿಂಗಳಿಂದ ಅಲ್ಲೇ ನಿಂತಿತ್ತು. ಹಾಕಬೇಕಾದ ಜಾಗಕ್ಕಿಂತ ಅಗಲವಾಗಿ ಬಂದಿದೆಯೆಂದು ಮನೆ ಯಜಮಾನಿ ಎದುರಂಗಡಿಯ ವೆಲ್ಡಿಂಗ್‌ನವನ ಮೇಲೆ ದಿನವೂ ಕೆಂಡ ಕಾರುತ್ತಿದ್ದರು. ಅಳತೆಯ ಚೀಟಿ ಬರೆದುಕೊಟ್ಟವರು ಮೇಷ್ಟ್ರು. ಹೀಗಾಗಿ ತಪ್ಪು ವೆಲ್ಡಿಂಗ್‌ನವನದೇ ಎಂಬುದರಲ್ಲಿ ಕಟ್ಟಡದಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಎಡವಿದ ರಭಸಕ್ಕೆ ಕಂಬಳಿ ಜಾರಿತು. ಎರಡು ನಳಿಗೆಗಳು ನೆಲಮಹಡಿಯ ಬಾಗಿಲಲ್ಲಿ ನಿಂತಿದ್ದ ಯಜಮಾನಿಯನ್ನೇ ದಿಟ್ಟಿಸಿದವು.

"ಅಯ್ಯಯ್ಯೋ! ಮೇಷ್ಟ್ರೇ, ಏನದು?"

"ಹಳೇದಮ್ಮ... ಮನೆತನದ್ದು."

"ತುಂಬಿದೆಯಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಷ್ಟ್ರು, "ಸಂಭವ ಅರ್ಧಕ್ಕೆ ಅರ್ಧ" ಎಂದುಬಿಟ್ಟರು.

"ಸಂಜೆ ಐದರೊಳಗೆ ಅದು ಎಂಥಾ ಕೋವಿ, ಅಪಾಯ ಇದೆಯೋ ಇಲ್ವೋ ಅಂತ ಬಲ್ಲವರಿಂದ ಹೇಳಿಸಿ. ಇಲ್ಲಾಂದ್ರೆ ಅದರ ಜೊತೆ ನೀವೂ ಮನೆ ಖಾಲಿ ಮಾಡಿ!"

ಹನ್ನೊಂದು ವರ್ಷದ ಮನೆ. ಕಾಲೇಜಿಗೆ ಆರುನೂರ ನಲವತ್ತು ಹೆಜ್ಜೆ.

ಬಲ್ಲವರೆಂದು ಮೊದಲು ಬಂದವರು ಪಕ್ಕದ ಮನೆಯ 'ಮೇಜರ್'. ಅವರು ಸೈನ್ಯದಲ್ಲಿದ್ದುದು ನಿಜ, ಆದರೆ ಹೊದಿಕೆಗಳ ಉಗ್ರಾಣದಲ್ಲಿ. ಮಂಚದ ಮೇಲೆ ಗೋಡೆಯ ಕಡೆ ಮುಖಮಾಡಿ ಮಲಗಿಸಿದ್ದ ಕೋವಿಯನ್ನು ಬಾಗಿಲ ಮರೆಯಿಂದಲೇ ಪರೀಕ್ಷಿಸಿದರು.

"ಆನೆ ಹೊಡೆಯೋ ಕೋವಿ ಇರಬೇಕು."

"ಹೇಗೆ ಹೇಳ್ತೀರಿ?"

"ಉದ್ದ ಇದೆಯಲ್ಲ. ನೋಡಿ ಮೇಷ್ಟ್ರೇ, ಕೋವಿ ವಿಷಯ ನಾನು ಖಡಾಖಂಡಿತ ಹೇಳಲಾರೆ. ಕಂಬಳಿ ಮಾತ್ರ ಅಸಲಿ ಉಣ್ಣೆ."

ಕೋವಿಯನ್ನು ಮಡಚಿ ತೆರೆದರೆ ಒಳಗಿನದು ಕಾಣುತ್ತದೆ. ಆದರೆ ತೆರೆಯುವ ಹಿಡಿ ತುಕ್ಕು ಹಿಡಿದು ಹಲ್ಲು ಕಚ್ಚಿ ಕೂತಿತ್ತು. ಅದನ್ನು ಬಲವಂತಪಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮೇಜರ್ ಪೇಟೆಯಾಚೆಯ ಕೋವಿ ರಿಪೇರಿಯ ತಾತನಿಗೆ ಫೋನು ಮಾಡಿದರು. ನಾಲ್ಕರ ಮೇಲೆ ಬರುತ್ತೇನೆ ಎಂದ ತಾತ.

ಅಲ್ಲಿಯವರೆಗೆ ಸುಮ್ಮನಿರಲು ಮೇಷ್ಟ್ರಿಗೆ ಆಗಲಿಲ್ಲ. ನಳಿಗೆಯ ಉದ್ದವನ್ನು ಹೊರಗಿನಿಂದಲೂ ಒಳಗಿನಿಂದಲೂ ಅಳೆದರೆ ಸಾಕು. ಒಳಗಿನದು ಕಡಿಮೆ ಬಂದರೆ ಹಿಂಭಾಗದಲ್ಲಿ ಏನೋ ಕೂತಿದೆ ಎಂದರ್ಥ. ಲೋಹಕ್ಕೆ ಲೋಹ ತಗುಲಿ ಕಿಡಿ ಹಾರಿದರೆ? ಅದಕ್ಕೇ ಹೊರಗಿನ ಅಳತೆಗೆ ಹೆಂಡತಿಯ ಹೊಲಿಗೆ ಯಂತ್ರದ ಮೇಲಿದ್ದ ಮೆತ್ತನೆಯ ಟೇಪನ್ನು ತಂದರು. ಹೆಂಡತಿ ತಂಗಿಯ ಮನೆಗೆ ಹೋಗಿದ್ದರು. ಮೇಷ್ಟ್ರು ಕಣ್ಣು ಅರೆಮುಚ್ಚಿ, ಟೇಪಿನ ಒಂದು ತುದಿಯನ್ನು ನಳಿಗೆಯ ಬುಡಕ್ಕೆ ಒತ್ತಿ, ನಳಿಗೆಯ ಬಾಯಿಯ ಹತ್ತಿರದ ಅಂಕಿ ಓದಿ ಹಾರಿ ಹಿಂದೆ ಸರಿದರು. ಎಂಬತ್ತೆರಡು ಬಿಂದು ಎರಡು ಸೆಂಟಿಮೀಟರ್.

ಒಳಗಿನ ಅಳತೆಗೆ ನೆಲ ಒರೆಸುವ ಕೋಲು. ಕೋವಿಯನ್ನು ಬಾಗಿಲ ಪಕ್ಕ ನೆಟ್ಟಗೆ ಒರಗಿಸಿ, ಮುಖ ಬಾಗಿಲ ಹಿಂದಿಟ್ಟು, ಕೈ ಮಾತ್ರ ಚಾಚಿ ನಳಿಗೆಯೊಳಗೆ ಕೋಲನ್ನು ಇಳಿಸಿದರು. ಅದರ ಮೇಲೆ ಗುರುತು ಹಾಕಿ, ದೂರದ ಅಡುಗೆಮನೆಗೆ ಒಯ್ದು, ತಮ್ಮ ಅಮೂಲ್ಯ ಉಕ್ಕಿನ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರು. ಎಪ್ಪತ್ತಾರು. ಎರಡನೆಯ ನಳಿಗೆ? ಅದೂ ಎಪ್ಪತ್ತಾರು.

ವ್ಯತ್ಯಾಸ ಹೆಚ್ಚುಕಡಿಮೆ ಒಂದು ತೋಟಾದ ಉದ್ದ. ಎರಡೂ ಕಡೆ!

"ಮೇಜರ್! ಜೋಡಿ ತುಂಬಿದೆ!"

ಅರ್ಧ ಗಂಟೆಯಲ್ಲಿ ಕಟ್ಟಡವೆಲ್ಲ ಬೀದಿಯಲ್ಲಿತ್ತು. ಒಬ್ಬರ ಕೈಯಲ್ಲಿ ದಿಂಬು, ಇನ್ನೊಬ್ಬರ ಕೈಯಲ್ಲಿ ಅರೆಬೆಂದ ಅನ್ನದ ಪಾತ್ರೆ. ಯಜಮಾನಿ ಗೋಡೆ ಗಡಿಯಾರವನ್ನೇ ಎದೆಗವಚಿಕೊಂಡು ಬಂದಿದ್ದರು. ಐದು ಗಂಟೆ ತಪ್ಪಿಹೋಗಬಾರದಲ್ಲ. ಮೇಷ್ಟ್ರು ಕೊರಳಲ್ಲಿ ಟೇಪು ಹಾಕಿಕೊಂಡು, ಕಾದ ಕಾವಲಿಯ ಮೇಲೆ ನಿಂತವರಂತೆ ಕಾಲು ಬದಲಿಸುತ್ತಿದ್ದರು.

ನಾಲ್ಕೂ ಇಪ್ಪತ್ತಕ್ಕೆ ತಾತ ಬಂದ. ಒಬ್ಬನೇ ಒಳಗೆ ಹೋದ. ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬಂದಾಗ ಮೇಜರ್ ತಾವೇ ಆ ಅಸಲಿ ಕಂಬಳಿಯೊಳಗೆ ಹೊಕ್ಕರು. ತಾತ ಮಡಚಿದ ಕೋವಿಯನ್ನು ತೋಳಿಗೆ ಹಾಕಿಕೊಂಡು ಹೊರಬಂದ.

"ಹನ್ನೆರಡು ಬೋರು, ನೂರು ವರ್ಷಕ್ಕೂ ಹಳೇದು. ನಳಿಗೆ ಮೇಲೆ ಅಲೆ ಅಲೆ ಗೆರೆ ಕಾಣುತ್ತಲ್ಲ, ಕಬ್ಬಿಣ ಉಕ್ಕು ಎರಡನ್ನೂ ಹೊಸೆದು ಮಾಡಿದ್ದು. ಈಗಿನ ತೋಟಾ ಹಾಕಿದ್ರೆ ಸೀಳಿಹೋಗುತ್ತೆ, ಎಂದೂ ಹಾರಿಸಬೇಡಿ. ಒಳಗೆ ಖಾಲಿ."

"ಖಾಲಿ ಇರೋಕೆ ಸಾಧ್ಯವೇ ಇಲ್ಲ!" ಮೇಷ್ಟ್ರು ರೇಗಿದರು. "ಲೆಕ್ಕದ ಪ್ರಕಾರ ಎರಡೂ ತುಂಬಿರಲೇಬೇಕು!"

"ಸ್ವಾಮಿ, ಆ ಕಡೆಯಿಂದ ನೀವೇ ನೋಡಿ. ಆಕಾಶ ಕಾಣುತ್ತೆ."

ಕಂಡಿತು. ಎರಡು ದುಂಡು ಆಕಾಶ.

ಅಷ್ಟರಲ್ಲಿ ಹೆಂಡತಿ ಬಂದರು. ನಡೆದದ್ದನ್ನೆಲ್ಲ ಕೇಳಿ, ಗಂಡನ ಕೊರಳು ನೋಡಿ ಹಣೆ ಚಚ್ಚಿಕೊಂಡರು.

"ರೀ, ಅದರಲ್ಲಿ ಅಳೆದ್ರಾ? ಆರು ತಿಂಗಳ ಹಿಂದೆ ಇಸ್ತ್ರಿಪೆಟ್ಟಿಗೆ ತಾಗಿ ಅದರ ತುದಿ ಸುಟ್ಟೋಯ್ತು. ಕತ್ತರಿಸಿ, ಅಂಚು ಮಡಚಿ ಹೊಲಿದೆ. ನಾನು ಆರು ಚಿಲ್ಲರೆ ಕಳೆದು ಲೆಕ್ಕ ಹಾಕ್ತೀನಿ. ಶುರುವಿನ ಅಂಕಿ ನೋಡೋಕ್ಕೇನಾಗಿತ್ತು ನಿಮಗೆ?"

ಮೂವತ್ತು ವರ್ಷದಿಂದ ಹುಡುಗರಿಗೆ "ಮೊದಲು ಸೊನ್ನೆ ನೋಡ್ರೋ" ಎಂದು ಗದರಿದ ಮೇಷ್ಟ್ರು ಬೆವರೊರೆಸಿಕೊಂಡು ನಕ್ಕರು. ಬೀದಿಯೂ ನಕ್ಕಿತು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಯಜಮಾನಿಯ ಮುಖವೂ ಸಡಿಲವಾಯಿತು.

"ಹೋಗ್ಲಿ ಬಿಡಿ. ಕೋವಿ ಇರಲಿ, ನೀವೂ ಇರಿ."

ಗುಂಪಿನ ಹಿಂದೆ ಒಬ್ಬ ಮಾತ್ರ ನಕ್ಕಿರಲಿಲ್ಲ. ವೆಲ್ಡಿಂಗ್‌ನವನು ನಿಧಾನವಾಗಿ ಮೇಷ್ಟ್ರ ಹೆಂಡತಿಯ ಮುಂದೆ ಬಂದ.

"ಅಕ್ಕಾ, ಒಂದು ಮಾತು. ಎರಡು ತಿಂಗಳ ಹಿಂದೆ ಮೇಷ್ಟ್ರು ಗೇಟಿನ ಅಳತೆ ತಗೊಂಡಿದ್ದು ಯಾವುದರಲ್ಲಿ?"

"ಇದರಲ್ಲೇ ಕಣಪ್ಪ. ಗೀರು ಬೀಳುತ್ತೆ ಅಂತ ಉಕ್ಕಿನ ಪಟ್ಟಿನ ಇವರು ಮನೆ ಹೊರಗೆ ತರೋದೇ ಇಲ್ಲ."

ಉಕ್ಕಿನ ಪಟ್ಟಿ ಮೊದಲ ಸಲ ಹೊರಗೆ ಬಂತು. ವೆಲ್ಡಿಂಗ್‌ನವನು ಗೇಟು ಹಾಕಬೇಕಿದ್ದ ಜಾಗವನ್ನು ಅಳೆದ, ಗೇಟನ್ನು ಅಳೆದ, ಎರಡು ಸಲವೂ ಸೊನ್ನೆಯನ್ನು ಎಲ್ಲರಿಗೂ ತೋರಿಸಿದ. ಯಜಮಾನಿ ಗಡಿಯಾರ ನೋಡಿದರು.

"ಕೋವಿ ಇರಬಹುದು ಮೇಷ್ಟ್ರೇ. ನೀವು ಹೊರಡಿ."

ಗೇಟು ಹೆಚ್ಚಾಗಿದ್ದುದು ಆರು ಸೆಂಟಿಮೀಟರ್ ಎರಡು ಮಿಲಿಮೀಟರ್.